ಹಿಡಿದ ಬೋಲ್ಟನ್ನು ಬಿಡಿಸುವ ಬಗೆ

ಭೀಮಾ ಕೃಷ್ಣಾ ನದಿಗಳ ಆಸುಪಾಸಿನಲ್ಲಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮೋಟಾರು ಸೈಕಲ್ಲು ಹೊರದ ಹೊರೆಯಿಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಔಷಧ ಹೊಡೆಯುವ ಪಂಪು, ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಆದುದರಿಂದ ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಓಡಾಡುವ ಗಾಡಿ ಇಲ್ಲಿ ಅಪೂರ್ವ. ಒಬ್ಬರು ಹಿಂದೆ ಕ್ಯಾರಿಯರು ಕೂಡಿಸುತ್ತಾರೆ; ಇನ್ನೊಬ್ಬರು ಮುಂದೆ ಲೆಗ್ ಗಾರ್ಡು ಹಾಕುತ್ತಾರೆ; ಮಗದೊಬ್ಬರು ಎಡಮಗ್ಗುಲಿಗೆ ಸೀರೆ ಗಾರ್ಡು ಬಿಗಿಯುತ್ತಾರೆ. ಇದು ದೊಡ್ಡ ವಿದ್ಯೆಯೇನೂ ಅಲ್ಲ. ಎರಡು ಪಾನಾ ಇದ್ದರೆ ಮನೆಯಂಗಳದಲ್ಲಿಯೇ ಮಾಡಬಹುದು. ಕೊಂಡ ಸಾಮಾನಿನ ಜೊತೆಗೆ ಬರುವ ಚೀಟಿಯಲ್ಲಿಯೂ ಸಾಮಾನ್ಯವಾಗಿ ಒಂದೇ ವಾಕ್ಯವಿರುತ್ತದೆ: ಹಳೆಯ ಬೋಲ್ಟನ್ನು ಬಿಚ್ಚಿ, ಗಾರ್ಡನ್ನಿಟ್ಟು, ಹೊಸ ಬೋಲ್ಟನ್ನು ಬಿಗಿಯಿರಿ. ಈ ವಾಕ್ಯದ ಮೊದಲ ಭಾಗದಲ್ಲಿಯೇ ಇಡೀ ಭಾನುವಾರ ಕಳೆದುಹೋಗುವುದುಂಟು.

ಹೋದ ವರ್ಷ ನಾವು ಶಹಾಪುರದ ಕಡೆಯ ರೈತರೊಬ್ಬರಿಂದ ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡೆವು. ನಾರಾಯಣಪುರದ ಬಸವಸಾಗರದಿಂದ ಬರುವ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಊರು ಅವರದು. ಸೀರೆ ಗಾರ್ಡಿನ ಸಂದಿಯಲ್ಲಿ ಎರೆಮಣ್ಣು ಮೆತ್ತಿಕೊಂಡು ಗಾಲಿ ತಿರುಗದಾಗುತ್ತದೆಂದು ಅವರು ಗಾರ್ಡನ್ನು ಕಿತ್ತು, ಅದರ ಬೋಲ್ಟುಗಳನ್ನು ಮಾತ್ರ ಮರಳಿ ತೂತಿನಲ್ಲಿ ತಿರುಗಿಸಿಟ್ಟಿದ್ದರು. ಗೊಬ್ಬರದ ಚೀಲಗಳೂ ಆ ಗಾಡಿಯ ಮೇಲೆಯೇ ಹೊಲಕ್ಕೆ ಹೋಗಿದ್ದವು. ಈಗ ನಮ್ಮ ತಾಯಿಯವರು ಅದೇ ಗಾಡಿಯ ಹಿಂದೆ ಕುಳಿತು ಸುರಪುರಕ್ಕೆ, ನಮ್ಮ ಅಕ್ಕನ ಮನೆಗೆ, ಬರಬೇಕಾಗಿತ್ತು. ಇಳಕಲ್ ಸೀರೆಯ ಸೆರಗು ಓಡುವ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿದರೆ ಏನಾಗುತ್ತದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂರುವವರಿಗಾಗಿ ಹಿಡಿಕೆ, ಕಾಲಿಡುವ ಮೆಟ್ಟು ಮತ್ತು ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ರಕ್ಷೆ ಇರತಕ್ಕದ್ದೆಂದು ವಿಧಿಸಿರುವುದೂ ಇಂತಹ ಅಪಾಯವನ್ನು ನೆನೆದೇ.

ಒಂದು ಶನಿವಾರ ಸಂಜೆ ಹೊಸ ಗಾರ್ಡನ್ನು ಮುಂದಿಟ್ಟುಕೊಂಡು ಕುಳಿತೆವು. ಬಿಚ್ಚಬೇಕಾದ ಬೋಲ್ಟುಗಳು ಎರಡು: ಮೇಲಿನದು 6 ಮಿಲಿಮೀಟರಿನದು, ಕೆಳಗಿನದು 8 ಮಿಲಿಮೀಟರಿನದು. ಎರಡರ ಬಣ್ಣವೂ ಸುಟ್ಟ ಇಟ್ಟಿಗೆಯಂತಾಗಿತ್ತು. ಮೇಲಿನದಕ್ಕೆ ಪಾನಾ ಹಾಕಿ ಎಳೆದೆವು, ಅಲುಗಲಿಲ್ಲ. ಆಗ ಭೌತಶಾಸ್ತ್ರದ ಅಧ್ಯಾಪಕರು ಮಾಡಬಾರದುದನ್ನು ಮಾಡಿದೆವು. ಒಂದು ತುಂಡು ನೀರಿನ ಪೈಪನ್ನು ಪಾನಾದ ಹಿಡಿಗೆ ತೊಡಿಸಿ ಬಲವಾಗಿ ಒತ್ತಿದೆವು. 'ಟಕ್' ಎಂದಿತು, ಪಾನಾ ಸಲೀಸಾಗಿ ತಿರುಗಿತು. ಅರೆಕ್ಷಣ ಹಿಗ್ಗಿದೆವು. ಬೋಲ್ಟಿನ ತಲೆ ಕಳಚಿ ನೆಲಕ್ಕೆ ಬಿತ್ತು. ಅದರ ಮೈ ಗಾಡಿಯ ಚೌಕಟ್ಟಿನಲ್ಲಿಯೇ ಉಳಿಯಿತು.

ತಪ್ಪು ಎಲ್ಲಿ ನಡೆಯಿತೆಂಬುದನ್ನು ಲೆಕ್ಕ ಹಾಕಿ ನೋಡೋಣ. ತಿರುಚುವ ಸಾಮರ್ಥ್ಯವನ್ನು ಬಲ ಮತ್ತು ಸನ್ನೆಯ ಉದ್ದ, ಇವೆರಡರ ಗುಣಲಬ್ಧದಿಂದ ಅಳೆಯುತ್ತೇವೆ. ಪೈಪು ಸೇರಿ ನಮ್ಮ ಸನ್ನೆ 30 ಸೆಂಟಿಮೀಟರು ಇತ್ತು. ಅದರ ತುದಿಯಲ್ಲಿ 10 ಕಿಲೋಗ್ರಾಮ್ ತೂಕದಷ್ಟು, ಎಂದರೆ ಸುಮಾರು 100 ನ್ಯೂಟನ್ನಿನಷ್ಟು, ಒತ್ತಿದರೂ 30 ನ್ಯೂಟನ್-ಮೀಟರು ಆಯಿತು. ಇನ್ನು ಬೋಲ್ಟಿನ ಕಡೆ ನೋಡಿ. 6 ಮಿಲಿಮೀಟರಿನ ಬೋಲ್ಟೆಂದರೂ ತಿರುಪಿನ ಸುತ್ತುಗಳನ್ನು ಕಳೆದರೆ ಒಳಗಿನ ತಿರುಳು ಸುಮಾರು 4.8 ಮಿಲಿಮೀಟರು ಮಾತ್ರ. ತಲೆಯ ಮೇಲೆ 8.8 ಎಂದು ಗುರುತು ಹಾಕಿದ ಒಳ್ಳೆಯ ಉಕ್ಕಿನ ಬೋಲ್ಟಾದರೂ ಅಷ್ಟು ತಿರುಳು ಸುಮಾರು 13 ನ್ಯೂಟನ್-ಮೀಟರಿಗೆ ಮುರಿಯುತ್ತದೆ. ತಿರುಚನ್ನು ತಡೆಯುವ ಶಕ್ತಿ ತಿರುಳಿನ ವ್ಯಾಸದ ಘನವನ್ನು ಅನುಸರಿಸಿ ಹೆಚ್ಚುತ್ತದೆ. 8 ಮಿಲಿಮೀಟರಿನ ಬೋಲ್ಟಿನ ತಿರುಳು 6.5 ಮಿಲಿಮೀಟರಿನಷ್ಟಿರುವುದರಿಂದ ಅದು ಎರಡೂವರೆ ಪಟ್ಟು, ಎಂದರೆ 33 ಅಥವಾ 34 ನ್ಯೂಟನ್-ಮೀಟರಿನವರೆಗೆ ತಡೆದೀತು. ಚಿಕ್ಕ ಬೋಲ್ಟಿಗೆ ಚಿಕ್ಕ ಪಾನಾ ಮಾಡಿರುವುದು ಕಬ್ಬಿಣ ಉಳಿಸಲೆಂದಲ್ಲ. ಕೈಯ ಬಲ ಬೋಲ್ಟಿನ ಬಲವನ್ನು ಮೀರದಿರಲೆಂದು ಮಾಡಿದ ಉಪಾಯವದು. ಪೈಪು ತೊಡಿಸಿದಾಗ ನಾವು ಆ ಕಾವಲನ್ನು ಕಿತ್ತುಹಾಕಿದ್ದೆವು.

ಮುರಿದುದರ ಕಥೆಯನ್ನು ಮುಂದೆ ಹೇಳುತ್ತೇವೆ. ಬೋಲ್ಟು ಏಕೆ ಹಿಡಿದುಕೊಂಡಿರುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ಒಂದು ಕಾಗದವನ್ನು ಲಂಬಕೋನ ತ್ರಿಭುಜವಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ ನೋಡಿ. ತ್ರಿಭುಜದ ಓರೆ ಅಂಚು ಪೆನ್ಸಿಲ್ಲಿನ ಮೇಲೆ ತಿರುಪಿನಂತೆ ಏರುತ್ತದೆ. ತಿರುಪೆಂದರೆ ಕಂಬಕ್ಕೆ ಸುತ್ತಿದ ಓರೆ ಸಮತಲವೇ. 8 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನಲ್ಲಿ ಒಂದು ಸುತ್ತಿಗೆ, ಗ್ಯಾರೇಜಿನವರ ಮಾತಿನಲ್ಲಿ ಒಂದು ಥ್ರೆಡ್ಡಿಗೆ, ಏರಿಕೆ 1.25 ಮಿಲಿಮೀಟರು, ಸುತ್ತಳತೆ ಸುಮಾರು 22.6 ಮಿಲಿಮೀಟರು. ಹೀಗೆ ಏರಿನ ಕೋನ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ, ಸುತ್ತಿನ ಮಗ್ಗುಲುಗಳು ಓರೆಯಾಗಿರುವುದನ್ನೂ ಗಣಿಸಿದಾಗ, ಏರು ಸುಮಾರು 10 ಡಿಗ್ರಿಯಾದರೂ ಇರಬೇಕು. 3 ಡಿಗ್ರಿಯ ಇಳಿಜಾರಿನಲ್ಲಿ ನಿಲ್ಲಿಸಿದ ಬಂಡಿ ಚಕ್ರಕ್ಕೆ ಕಲ್ಲು ಕೊಡದೆಯೂ ನಿಂತಂತೆ ಬೋಲ್ಟು ನಿಲ್ಲುತ್ತದೆ.

ಬಿಗಿಯುವಾಗ ನಾವು ಹಾಕುವ ಶ್ರಮದ ಬಹುಪಾಲು ಈ ಘರ್ಷಣೆಗೇ ಹೋಗುತ್ತದೆ. ಅರ್ಧದಷ್ಟು ತಲೆಯ ಅಡಿಯಲ್ಲಿ, ಉಳಿದುದರಲ್ಲಿ ಹೆಚ್ಚಿನದು ಸುತ್ತುಗಳಲ್ಲಿ. ಬೋಲ್ಟನ್ನು ನಿಜವಾಗಿ ಎಳೆದು ಬಿಗಿಗೊಳಿಸುವುದಕ್ಕೆ ಎಂಟರಲ್ಲೊಂದು ಪಾಲು ಉಳಿದರೆ ಹೆಚ್ಚು. ಆದರೂ 25 ನ್ಯೂಟನ್-ಮೀಟರಿಗೆ ಬಿಗಿದ 8 ಮಿಲಿಮೀಟರಿನ ಬೋಲ್ಟು ಸುಮಾರು ಒಂದೂವರೆ ಟನ್ ತೂಕದಷ್ಟು ಬಲದಿಂದ ಎರಡು ತುಂಡುಗಳನ್ನು ಒತ್ತಿ ಹಿಡಿಯುತ್ತದೆ. ಕೈಬೆರಳಿನ ದಪ್ಪವೂ ಇಲ್ಲದ ಕಬ್ಬಿಣಕ್ಕೆ ಇದು ಸಾಮಾನ್ಯ ಸಾಹಸವಲ್ಲ.

ಇಲ್ಲಿ ಒಂದು ಸೋಜಿಗವಿದೆ. ಬಿಗಿಯುವಾಗ ಓರೆಯನ್ನು ಹತ್ತಬೇಕು, ಬಿಚ್ಚುವಾಗ ಇಳಿಯಬೇಕು. ಆದುದರಿಂದ ತುಕ್ಕಿಲ್ಲದ ಬೋಲ್ಟನ್ನು ಬಿಗಿದುದಕ್ಕಿಂತ ಕಡಿಮೆ ಬಲದಿಂದಲೇ ಬಿಚ್ಚಬಹುದು. ಮೇಲಿನ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರೆ 25ರಿಂದ ಬಿಗಿದುದು 19ಕ್ಕೆ ಬಿಚ್ಚಬೇಕು. ಹಾಗೆ ಬಿಚ್ಚಲಿಲ್ಲವೆಂದರೆ ಬಿಗಿದವರಲ್ಲದೆ ಮತ್ತಾವುದೋ ಶಕ್ತಿ ಅದನ್ನು ಹಿಡಿದಿದೆಯೆಂದು ತಿಳಿಯಬೇಕು. ನಮ್ಮ ಬೋಲ್ಟುಗಳು ಬಹುಶಃ ಬಿಗಿಯಾಗಿಯೇ ಇರಲಿಲ್ಲ. ಆ ರೈತರು ಅವನ್ನು ಕಳೆದುಹೋಗದಿರಲೆಂದು ತಿರುಗಿಸಿಟ್ಟಿದ್ದರು, ಅಷ್ಟೆ.

ಆ ಶಕ್ತಿ ತುಕ್ಕು. ನಮ್ಮ ಕಡೆಯ ಮಾತಿನಲ್ಲಿ ಜಂಗು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದಲ್ಲಿ ಹುಟ್ಟುವ ಈ ವಸ್ತು ತಾನು ತಿಂದ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಜಾಗ ಬೇಡುತ್ತದೆ. ಬಯಲಿನಲ್ಲಾದರೆ ಅದು ಹೊಪ್ಪಳಿಕೆಯಾಗಿ ಉದುರುತ್ತದೆ. ಬೋಲ್ಟು ಮತ್ತು ನಟ್ಟಿನ ಸುತ್ತುಗಳ ನಡುವೆ ಇರುವ ಎಡೆಯೋ ಕೂದಲಿನ ದಪ್ಪವನ್ನು ಬಹಳ ಮೀರುವುದಿಲ್ಲ. ಉಬ್ಬಿದ ತುಕ್ಕು ಅಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಕಲ್ಲುಕುಟಿಗರು ಬಂಡೆಯ ತೂತಿನಲ್ಲಿ ಒಣಮರದ ಬೆಣೆಯನ್ನಿಟ್ಟು ನೀರುಣಿಸಿದಾಗ ಬಂಡೆ ಸೀಳುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಉಪ್ಪಿನಂಶವಿದ್ದರೆ ಈ ಕೆಲಸ ಬೇಗ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಸಾಮಾನ್ಯವಾಗಿರುವುದು ಪೊಟ್ಯಾಸಿಯಂ ಕ್ಲೋರೈಡು. ಅಡಿಗೆಯ ಉಪ್ಪಿನ ಹತ್ತಿರದ ಸಂಬಂಧಿ. ಚೀಲದಿಂದ ಸೋರಿದ ಹುಡಿ ಕೆಸರುನೀರಿನಲ್ಲಿ ಕರಗಿ ಬೋಲ್ಟಿನ ಸಂದಿಗೆ ಇಳಿದರೆ ಕಡಲತೀರದ ಊರಿನಲ್ಲಿ ಆಗುವ ಹಾನಿಯೇ ಕಡಲಿಲ್ಲದ ಯಾದಗಿರಿಯಲ್ಲಿಯೂ ಆಗುತ್ತದೆ. ಎಂಜಿನ್ನಿನ ಬಳಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ: ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕವಚದಲ್ಲಿ ಕೂತಿರುತ್ತದೆ. ಬೇರೆ ಬೇರೆ ಲೋಹಗಳೆರಡು ಉಪ್ಪುನೀರಿನಲ್ಲಿ ತಾಗಿದರೆ ಅದು ವಿದ್ಯುತ್ಕೋಶ. ಅದರಲ್ಲಿ ಅಲ್ಯೂಮಿನಿಯಂ ಸವೆದು ಬಿಳಿಯ ಹುಡಿಯಾಗಿ ಬೋಲ್ಟನ್ನು ಅಪ್ಪಿಕೊಳ್ಳುತ್ತದೆ.

ಕಾಯಿಲೆ ತಿಳಿದ ಮೇಲೆ ಚಿಕಿತ್ಸೆ. ಮೊದಲನೆಯದು ಎಣ್ಣೆ. ಯಾವ ಎಣ್ಣೆ? ಮನೆಯಲ್ಲಿ ಎಂಜಿನ್ ಆಯಿಲ್ಲಿನ ಡಬ್ಬಿ ಇರುತ್ತದೆ. ದಪ್ಪವಾದುದು ಒಳ್ಳೆಯದೆಂದು ಅದನ್ನೇ ಸುರಿಯುವವರು ಬಹಳ. ಇದು ತಪ್ಪು. ಕಿರಿದಾದ ಸಂದಿಯೊಳಕ್ಕೆ ದ್ರವವನ್ನು ಎಳೆಯುವುದು ಕೇಶಾಕರ್ಷಣ, ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವ ಶಕ್ತಿಯೇ. ಎಳೆಯುವ ಬಲ ಸೀಮೆಎಣ್ಣೆಗೂ ಎಂಜಿನ್ ಆಯಿಲ್ಲಿಗೂ ಹೆಚ್ಚು ಕಡಿಮೆ ಒಂದೇ. ತಡೆಯುವುದು ಸ್ನಿಗ್ಧತೆ, ಅದು ಎಂಜಿನ್ ಆಯಿಲ್ಲಿನಲ್ಲಿ ಸೀಮೆಎಣ್ಣೆಯ ನೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಒಂದೇ ಅವಧಿಯಲ್ಲಿ ಇಳಿಯುವ ಆಳ ಸ್ನಿಗ್ಧತೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ ಎಂಜಿನ್ ಆಯಿಲ್ಲು ಹತ್ತರಲ್ಲೊಂದು ಪಾಲು ಮಾತ್ರ ಇಳಿಯುತ್ತದೆ. ಅಂಗಡಿಯಲ್ಲಿ ದೊರೆಯುವ ತುಕ್ಕುಬಿಡಿಸುವ ಸ್ಪ್ರೇ ಇದ್ದರೆ ಮೇಲು. ಇಲ್ಲವಾದರೆ ಚಿಮಣಿ ಎಣ್ಣೆ ಅಥವಾ ಡೀಸೆಲ್ಲು ಸಾಕು.

ಅದಕ್ಕಿಂತ ಮುಖ್ಯವಾದುದು ಕಾಲ. ಆಳ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಎಣ್ಣೆ ಒಂದು ಗಂಟೆಯಲ್ಲಿ 3 ಮಿಲಿಮೀಟರು ಇಳಿಯಿತೆಂದು ಭಾವಿಸಿ. 6 ಮಿಲಿಮೀಟರು ಇಳಿಯಲು ಎರಡು ಗಂಟೆ ಸಾಲದು, ನಾಲ್ಕು ಬೇಕು. 12 ಮಿಲಿಮೀಟರಿಗೆ ಹದಿನಾರು ಗಂಟೆ. ಸಂಜೆ ಐದಕ್ಕೆ ಹಾಕಿದ ಎಣ್ಣೆ ಬೆಳಗಿನ ಒಂಬತ್ತಕ್ಕೆ ತಳ ಮುಟ್ಟುತ್ತದೆ. ಎಣ್ಣೆ ಬಿಟ್ಟು ಐದು ನಿಮಿಷಕ್ಕೆ ಪಾನಾ ಹಿಡಿಯುವವರು ಮೊದಲೆರಡು ಸುತ್ತುಗಳನ್ನಷ್ಟೇ ನೆನೆಸಿರುತ್ತಾರೆ. ನಾವು ಮುರಿದ ಬೋಲ್ಟಿನ ತಲೆಯನ್ನು ಜೇಬಿಗೆ ಹಾಕಿಕೊಂಡು, ಕೆಳಗಿನದಕ್ಕೆ ಎಣ್ಣೆ ಬಿಟ್ಟು, ಮಲಗುವ ಮುನ್ನ ಇನ್ನೊಮ್ಮೆ ಬಿಟ್ಟು, ಆ ರಾತ್ರಿ ಅದರ ತಂಟೆಗೆ ಹೋಗಲಿಲ್ಲ.

ಎರಡನೆಯದು ಪೆಟ್ಟು. ತುಕ್ಕು ಗಟ್ಟಿ, ಆದರೆ ಬಿರುಸು. ಮಡಕೆಯ ಚೂರಿನಂತೆ ಬಿರಿಯುತ್ತದೆ, ಬಾಗುವುದಿಲ್ಲ. ಅರ್ಧ ಕಿಲೋಗ್ರಾಮಿನ ಸುತ್ತಿಗೆ ಸೆಕೆಂಡಿಗೆ 4 ಮೀಟರು ವೇಗದಲ್ಲಿ ಬಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ನಿಂತರೆ ಆ ಕ್ಷಣದ ಬಲ 2000 ನ್ಯೂಟನ್, ಎಂದರೆ ಇನ್ನೂರು ಕಿಲೋಗ್ರಾಮಿನ ತೂಕ. ಕೈಯಿಂದ ಅಷ್ಟು ಒತ್ತಲು ಯಾರಿಂದಲೂ ಆಗದು. ಬೋಲ್ಟಿನ ತಲೆಯ ಮೇಲೆ, ಅದರ ಉದ್ದದ ನೇರಕ್ಕೆ, ಹತ್ತಿಪ್ಪತ್ತು ಹದವಾದ ಪೆಟ್ಟು ಕೊಟ್ಟರೆ ತುಕ್ಕಿನ ಪದರದಲ್ಲಿ ಬಿರುಕೇಳುತ್ತದೆ. ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಆದರೆ ಅಲ್ಯೂಮಿನಿಯಂ ಕವಚದ ಕಿವಿಗಳಿಗೆ ಈ ಚಿಕಿತ್ಸೆ ಸಲ್ಲದು, ಅವೇ ಬಿರಿದಾವು. ಅಡ್ಡಗೀರಿನ ತಲೆಯ ಪೇಚುಗಳಿಗೆ ಇಂಪ್ಯಾಕ್ಟ್ ಡ್ರೈವರ್ ಎಂಬ ಉಪಕರಣವಿದೆ. ಹಿಂದೆ ಸುತ್ತಿಗೆಯಿಂದ ಹೊಡೆದರೆ ಅದು ಪೇಚಿನ ತಲೆಯನ್ನು ಒಳಕ್ಕೊತ್ತುತ್ತಲೇ ತಿರುಗಿಸುತ್ತದೆ. ತಿರುಪುಳಿ ಮೇಲಕ್ಕೆ ಜಾರಿ ಗೀರು ಹಾಳಾಗುವ ಸಂಕಟ ಇದರಿಂದ ತಪ್ಪುತ್ತದೆ.

ಬೆಳಿಗ್ಗೆ ಹತ್ತು ಪೆಟ್ಟು ಕೊಟ್ಟು ಪಾನಾ ಹಾಕಿದೆವು. ಈ ಸಲ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದೆವು. ಮಿಸ್ತ್ರಿಗಳು ಹೀಗೆ ಮಾಡುವುದನ್ನು ಕಂಡು ಹಿಂದೆ ನಕ್ಕಿದ್ದುಂಟು. ಕಾರಣ ಈಗ ತಿಳಿಯಿತು. ತುಕ್ಕಿನ ಬೆಣೆ ಯಾವ ದಿಕ್ಕಿಗೆ ಸರಿದರೂ ಮುರಿಯುತ್ತದೆ, ಎರಡೂ ದಿಕ್ಕಿಗೆ ಆಡಿಸಿದರೆ ಪುಡಿಯಾಗುತ್ತದೆ. ಬೋಲ್ಟು 'ಕಿರ್' ಎಂದಿತು. ಕಾಲು ಸುತ್ತು ಹಿಂದಕ್ಕೆ, ಅರ್ಧ ಕಾಲು ಮುಂದಕ್ಕೆ, ಮತ್ತೆ ಎರಡು ಹನಿ ಎಣ್ಣೆ. ಹೀಗೆ ಕಾಲು ಗಂಟೆಯಲ್ಲಿ ಕೆಂಪು ಕೆಸರನ್ನು ಕಕ್ಕುತ್ತ ಹೊರಗೆ ಬಂತು. ಒಂದೇ ಸಮನೆ ಬಿಚ್ಚುತ್ತ ಹೋಗಿದ್ದರೆ ಆ ಪುಡಿಯೇ ಮುಂದೆ ಗುಡ್ಡೆಯಾಗಿ ಮತ್ತೆ ಹಿಡಿಯುತ್ತಿತ್ತು.

ಪಾನಾದ ವಿಷಯವಾಗಿ ಒಂದು ಮಾತು. ಆರು ಮೂಲೆಯ ತಲೆಯನ್ನು ಬಾಯಿ ತೆರೆದ ಪಾನಾ ಎರಡೇ ಮೂಲೆಗಳಲ್ಲಿ ಹಿಡಿಯುತ್ತದೆ. ರಿಂಗ್ ಪಾನಾ ಆರರಲ್ಲಿಯೂ ಹಿಡಿಯುತ್ತದೆ. ಹಿಡಿದ ಬೋಲ್ಟಿಗೆ ರಿಂಗೇ ಸರಿ. ಅಳತೆಯೂ ಕೂಡಬೇಕು. ತಿರುಪಿಗೆ ಒಂದು ಗೊತ್ತಾದ ಅಳತೆಯಿರಬೇಕೆಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸುವ ಮೊದಲು ಒಂದೊಂದು ಕಾರ್ಖಾನೆಯ ಬೋಲ್ಟೂ ಒಂದೊಂದು ತೆರನಾಗಿತ್ತು. ಅವನ ಇಂಚಿನ ಪದ್ಧತಿ ಮತ್ತು ಯೂರೋಪಿನ ಮೆಟ್ರಿಕ್ ಪದ್ಧತಿ ಎರಡೂ ನಮ್ಮ ದೇಶಕ್ಕೆ ಮೋಟಾರು ಸೈಕಲ್ಲುಗಳ ಜೊತೆಗೆ ಬಂದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳು ಚೆಕ್ ಮಾದರಿಯವು. ಅವುಗಳ ಬೋಲ್ಟು ಮೆಟ್ರಿಕ್. ಬ್ರಿಟಿಷ್ ಮೂಲದ ಹಳೆಯ ಬುಲೆಟ್ಟಿನಲ್ಲಿ ಇಂಚಿನ ಬೋಲ್ಟುಗಳು. 13.3 ಮಿಲಿಮೀಟರು ಅಗಲದ ಇಂಚಿನ ತಲೆಗೆ 14ರ ಪಾನಾ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಷಟ್ಕೋನ ವೃತ್ತವಾಗುತ್ತದೆ. ತಿರುಗಿಸುವ ದಿಕ್ಕನ್ನೂ ಗಮನಿಸಬೇಕು: ಸೈಕಲ್ಲಿನ ಎಡ ಪೆಡಲು, ಯಮಾಹಾ ಗಾಡಿಗಳ ಬಲಗಡೆಯ ಕನ್ನಡಿ, ಇಂಥವು ಎಡಗೈ ತಿರುಪಿನವು. ಇವನ್ನು ಸಾಮಾನ್ಯ ರೀತಿಯಲ್ಲಿ ಬಿಚ್ಚಲು ಹೋದವರು ಬೆವರು ಸುರಿಸಿ ಬಿಗಿಯುತ್ತಿರುತ್ತಾರೆ.

ಮುರಿದ ಬೋಲ್ಟಿಗಾಗಿ ಸೋಮವಾರ ಗ್ಯಾರೇಜಿಗೆ ಹೋದೆವು. ವಯಸ್ಸಾದ ಮಿಸ್ತ್ರಿ ಚೌಕಟ್ಟನ್ನು ಒಮ್ಮೆ ನೋಡಿ, "ಪೈಪ್ ಹಾಕಿದ್ರೇನ್ರಿ ಸರ?" ಎಂದರು. ಒಪ್ಪಿಕೊಂಡೆವು. "ಎಣ್ಣಿ ಬಿಟ್ಟು ಒಂದು ರಾತ್ರಿ ಸುಮ್ನ ಕುಂತಿದ್ರ ಮುಂಜಾನಿ ತಾನ ಬರ್ತಿತ್ರಿ" ಎಂದು ಹೇಳಿ ಕೆಲಸಕ್ಕೆ ತೊಡಗಿದರು. ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲಿನ ಟ್ಯಾಂಕನ್ನು ಬಿಚ್ಚಿ ದೂರ ಇಡಿಸಿ, ಉಳಿದಿದ್ದ ಎಣ್ಣೆಯನ್ನು ಒರೆಸಿದರು. ಮುರಿದ ಮೋಟಿನ ಮೇಲೆ ಒಂದು ನಟ್ಟನ್ನಿಟ್ಟು ಒಳಗಿನಿಂದ ವೆಲ್ಡ್ ಮಾಡಿದರು. ಅದು ಆರಿದ ಮೇಲೆ ನಟ್ಟಿಗೆ ಪಾನಾ ಹಾಕಿ ತಿರುಗಿಸಿದರು. ನಮ್ಮನ್ನು ಶನಿವಾರ ಸಂಜೆಯೆಲ್ಲ ಕಾಡಿದ್ದು ಎರಡು ನಿಮಿಷದಲ್ಲಿ ಹೊರಬಂತು.

ಹಿಡಿಯಲು ಹೊಸ ತಲೆ ದೊರೆತದ್ದು ಅರ್ಧ ಕಾರಣ. ಇನ್ನರ್ಧ ಉಷ್ಣದ್ದು, ಮತ್ತು ಇದನ್ನು ವಿದ್ಯಾರ್ಥಿಗಳು ಆಲೋಚಿಸಿ ನೋಡಬೇಕು. ಕಾಯಿಸಿದರೆ ಲೋಹ ಹಿಗ್ಗುತ್ತದೆ. ಹಾಗಾದರೆ ನಡುವಿನ ತೂತು ಕಿರಿದಾಗುವುದೋ ಹಿರಿದಾಗುವುದೋ ಎಂದು ತರಗತಿಯಲ್ಲಿ ಕೇಳಿದರೆ ಅರ್ಧ ಜನ ಕಿರಿದಾಗುತ್ತದೆನ್ನುತ್ತಾರೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಅವರ ಅಜ್ಜಂದಿರು ನೋಡಿದ್ದಾರೆ. ಪಟ್ಟಿಯನ್ನು ಬೆಂಕಿಯಲ್ಲಿ ಕಾಸಿ, ಕೆಂಪಗಿರುವಾಗಲೇ ಮರದ ಗಾಲಿಗೆ ತೊಡಿಸಿ, ನೀರು ಹೊಯ್ಯುತ್ತಾರೆ. ಉಕ್ಕು ಒಂದೊಂದು ಡಿಗ್ರಿಗೂ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. 1.2 ಮೀಟರು ವ್ಯಾಸದ ಪಟ್ಟಿ 500 ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ 7 ಮಿಲಿಮೀಟರು ಬೆಳೆಯುತ್ತದೆ. ತೂತೂ ಅಷ್ಟೇ ಬೆಳೆಯುತ್ತದೆ. ಆದುದರಿಂದ ನಟ್ಟನ್ನು ಕಾಸಬೇಕು, ಬೋಲ್ಟನ್ನಲ್ಲ ಎಂಬುದು ಸಾಮಾನ್ಯ ನಿಯಮ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುವುದರಿಂದ, ಉಕ್ಕಿನ ಬೋಲ್ಟು ಅಲ್ಯೂಮಿನಿಯಂನಲ್ಲಿ ಕೂತಿದ್ದರೆ ಎರಡನ್ನೂ ಸಮನಾಗಿ ಕಾಸಿದರೂ ಸಡಿಲವಾದೀತು.

ಮಿಸ್ತ್ರಿ ಕಾಸಿದ್ದಾದರೋ ಬೋಲ್ಟನ್ನೇ! ಅದೇಕೆ ಸಡಿಲವಾಯಿತು? ವೆಲ್ಡಿನ ಕಾವಿನಲ್ಲಿ ಮೋಟು ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ಕಬ್ಬಿಣ ಬಿಡುವುದಿಲ್ಲ. ಕಾದು ಮೆತ್ತಗಾದ ಮೋಟು ಆ ಒತ್ತಡಕ್ಕೆ ಸೋತು ಒಳಕ್ಕೇ ಅಮುಕಿಕೊಳ್ಳುತ್ತದೆ. ಆರಿದಾಗ ಮಾತ್ರ ತಡೆಯಿಲ್ಲದೆ ಕುಗ್ಗುತ್ತದೆ. ಮೊದಲಿದ್ದುದಕ್ಕಿಂತ ತುಸು ಸಣ್ಣದಾಗುತ್ತದೆ. ತುಕ್ಕಿನ ಪದರ ಈ ಜಗ್ಗಾಟದಲ್ಲಿ ಪುಡಿಯಾಗಿರುತ್ತದೆ. ಆರುವವರೆಗೆ ಮಿಸ್ತ್ರಿ ಕೈಕಟ್ಟಿ ಕುಳಿತದ್ದರ ಗುಟ್ಟು ಇದು.

ಈ ಭಾಗವನ್ನು ಓದಿ ಯಾರೂ ಮನೆಯಲ್ಲಿ ಬೆಂಕಿ ಹಚ್ಚಲು ಹೋಗಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರದೆ ನೆಲದ ಮೇಲೆ ಕಾಣದ ಹೊಳೆಯಂತೆ ಹರಿದು, ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಕಾವು ಬೇಕೇ ಬೇಕೆಂದರೆ ಟ್ಯಾಂಕನ್ನು ತೆಗೆದಿಟ್ಟು, ಎಣ್ಣೆಯನ್ನು ಒರೆಸಿ, ನಟ್ಟಿನ ಮೇಲೆ ಕುದಿನೀರು ಹೊಯ್ಯಬಹುದು. ಉಳಿದುದು ಗ್ಯಾರೇಜಿನ ಕೆಲಸ.

ಹೊಸ ಬೋಲ್ಟುಗಳನ್ನು ಕೂಡಿಸುವಾಗ ಸುತ್ತುಗಳಿಗೆ ಗ್ರೀಸು ಸವರಿದೆವು. ಗ್ರೀಸಿದ್ದರೆ ನೀರು ಇಳಿಯದು. ಆದರೆ ಘರ್ಷಣೆ ತಗ್ಗಿದಾಗ ಅದೇ ತಿರುಚು ಬೋಲ್ಟನ್ನು ಹೆಚ್ಚು ಎಳೆಯುತ್ತದೆ. ಒಣ ಬೋಲ್ಟಿಗೆ ಹಾಕುವ ಬಲದಲ್ಲಿ ಕಾಲು ಭಾಗವನ್ನಾದರೂ ಕಳೆಯಬೇಕು. ಮುಂದಿನ ವಾರ ತಾಯಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತರು. ಭೀಮೆಯ ಸೇತುವೆ ದಾಟಿ, ಶಹಾಪುರದಲ್ಲಿ ಚಹಾ ಕುಡಿದು, ಮಧ್ಯಾಹ್ನಕ್ಕೆ ಸುರಪುರ ಸೇರಿದೆವು. ನಟ್ಟು ಅಂಟಿದ ಮುರುಕು ಬೋಲ್ಟು ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಡ್ರಾಯರಿನಲ್ಲಿದೆ. ಮೊದಲ ವರ್ಷದವರಿಗೆ ವರ್ನಿಯರ್ ಕ್ಯಾಲಿಪರ್ಸ್ ಬಳಸಲು ಕಲಿಸುವಾಗ ಅದನ್ನೇ ಕೊಡುತ್ತೇವೆ. ತುಕ್ಕು ಒರೆಸಿ ಅಳೆದರೆ ಹತ್ತು ಸುತ್ತಿಗೆ 10 ಮಿಲಿಮೀಟರು ಬರಬೇಕು; 9.8 ಎಂದು ಬರೆದು ತಂದವರನ್ನು ಇನ್ನೊಮ್ಮೆ ಅಳೆಯಲು ಕಳುಹಿಸುತ್ತೇವೆ.